ಸುರಂಗದ ನೀರು, ವಸಂತದ ನಾಟಿ



ಚೈತ್ರ ಬಂದರೆ ನೇಗಿಲು ಹೊರಗೆ ಬರಬೇಕು ಎಂಬುದು ನಮಗೆಲ್ಲ ಎಳವೆಯಿಂದ ಗೊತ್ತಿರುವ ಲೆಕ್ಕ. ಬಯಲುಸೀಮೆಯವರಿಗೆ ಯುಗಾದಿಯ ಹೊನ್ನಾರು, ಕರಾವಳಿಯವರಿಗೆ ಬಿಸುವಿನ ಕೈಬಿತ್ತು. ಬಹರೈನ್‌ನಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಇಲ್ಲಿ ಟೊಮೆಟೊ, ಬದನೆ, ಸೌತೆಗಳ ನಾಟಿ ಬಿಸಿಲು ಇಳಿಯುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಬುದೈಯಾದ ಸಸ್ಯೋದ್ಯಾನದಲ್ಲಿ ಚಳಿಗಾಲದ ಶನಿವಾರಗಳಂದು ನಡೆಯುವ ರೈತರ ಸಂತೆಗೆ ಹೋಗಿ ಬಂದವರಿಗೆ ಇದು ಗೊತ್ತೇ ಇದೆ. ಊರಿನಲ್ಲಿ ಬಿತ್ತನೆಯ ಮಾತು ಶುರುವಾಗುವ ಹೊತ್ತಿಗೆ ಇಲ್ಲಿ ತರಕಾರಿಯ ಕಾಲ ಮುಗಿಯುತ್ತ ಬಂದಿರುತ್ತದೆ.

ಹಾಗಾದರೆ ಬಹರೈನ್‌ನ ತೋಟಕ್ಕೆ ವಸಂತದಲ್ಲಿ ಕೆಲಸವೇ ಇಲ್ಲವೇ? ಇದೆ, ಅದೂ ವರ್ಷದ ಅತಿ ಮುಖ್ಯ ಕೆಲಸ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಖರ್ಜೂರದ ಮರಗಳಿಗೆ ಪರಾಗಸ್ಪರ್ಶ ಮಾಡಿಸಬೇಕು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನೇ ನಂಬಿದರೆ ಫಸಲು ಕೈಗೆ ಬರುವುದಿಲ್ಲ. ಆದ್ದರಿಂದ ತೋಟದವನೇ ಮರ ಹತ್ತಿ, ಗಂಡು ಹೊಂಬಾಳೆಯ ಎಸಳುಗಳನ್ನು ಬಿಡಿಸಿ ಹೆಣ್ಣು ಹೊಂಬಾಳೆಯ ನಡುವೆ ಇಟ್ಟು ಕಟ್ಟುತ್ತಾನೆ. ಪ್ರಾಚೀನ ಮೆಸೊಪೊಟೇಮಿಯಾದ ಕಾಲದಿಂದ ನಡೆದುಬಂದ ಕೈಕೆಲಸ ಇದು. ತಾಯಿಮರದ ಬುಡದಲ್ಲಿ ಎದ್ದ ಕಂದುಗಳನ್ನು ಬಿಡಿಸಿ ಬೇರೆಡೆ ನೆಡುವುದಕ್ಕೂ ವಸಂತ ಒಳ್ಳೆಯ ಕಾಲ. ಖಲಾಸ್, ಖುನೈಝಿ, ಮರ್ಝಿಬಾನ್ ಎಂಬ ಇಲ್ಲಿನ ತಳಿಗಳು ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ಹೀಗೆ, ಬೀಜದಿಂದಲ್ಲ, ಕಂದಿನಿಂದ.

ಮೇಲ್ನೋಟಕ್ಕೆ ಈ ಖರ್ಜೂರದ ವಸಂತಕ್ಕೂ ನಮ್ಮ ಬಿಸುವಿಗೂ ಏನೂ ಸಂಬಂಧವಿಲ್ಲ. ವರ್ಷಕ್ಕೆ ಸುಮಾರು 70-80 ಮಿಲಿಮೀಟರ್ ಮಳೆ ಕಾಣುವ ದ್ವೀಪವೆಲ್ಲಿ, 3000 ಮಿಲಿಮೀಟರ್ ದಾಟಿ ಸುರಿಯುವ ಕಾಸರಗೋಡು, ದಕ್ಷಿಣ ಕನ್ನಡವೆಲ್ಲಿ! ಆದರೆ ನೆಲದಡಿಗೆ ಇಳಿದು ನೋಡಿದರೆ ಎರಡೂ ಕಡೆಯ ತೋಟಗಳ ಚರಿತ್ರೆ ಬೆರಗಾಗುವಷ್ಟು ಹೋಲುತ್ತದೆ. ಎರಡೂ ಕಡೆ ಮನುಷ್ಯ ಸುರಂಗ ತೋಡಿ, ತಾನಾಗಿ ಹರಿದು ಬಂದ ನೀರಿನಲ್ಲಿ ತೋಟ ಮಾಡಿದ. ಎರಡೂ ಕಡೆ ಕೊರೆಯುವ ಯಂತ್ರ ಬಂತು, ತೋಟ ಹಿಗ್ಗಿತು, ಒರತೆ ಬತ್ತಿತು. ಇಲ್ಲಿ ಆ ಕಥೆ ಮುಗಿದುಹೋಗಿದೆ. ಊರಿನಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕಾಗಿಯೇ ಈ ಬಾರಿಯ ಸಂಚಿಕೆಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಮನಸ್ಸಾಯಿತು.

ದೂರದ್ದಕ್ಕೆ ನೀರುಣಿಸಿದ ಅಧಾರಿ

ಬಹರೈನ್ ಎಂದರೆ ಎರಡು ಕಡಲು. ಒಂದು ಸುತ್ತಲಿನ ಉಪ್ಪಿನ ಕಡಲು, ಇನ್ನೊಂದು ನೆಲದಡಿಯ ಸಿಹಿನೀರಿನ ಕಡಲು ಎಂದು ಇಲ್ಲಿನ ಹಿರಿಯರು ಅರ್ಥ ಹೇಳುವುದುಂಟು. ಸಮುದ್ರದ ತಳದಲ್ಲೂ ಸಿಹಿನೀರಿನ ಬುಗ್ಗೆಗಳಿದ್ದವು. ಮುತ್ತು ಹೆಕ್ಕಲು ಹೋದವರು ಕಡಲಿನೊಳಗೆ ಮುಳುಗಿ, ಚರ್ಮದ ಚೀಲಗಳಲ್ಲಿ ಕುಡಿಯುವ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದರು. ಸುಮೇರಿಯನ್ನರ ಪುರಾಣದಲ್ಲಿ ದಿಲ್ಮುನ್ ಎಂಬ ನಾಡಿಗೆ ಸಿಹಿನೀರನ್ನು ಕರುಣಿಸುವವನು ಎಂಕಿ, ನೆಲದಡಿಯ ನೀರಿನ ಒಡೆಯ. ಆ ದಿಲ್ಮುನ್ ನಾಡಿನ ಕೇಂದ್ರ ಇದೇ ಬಹರೈನ್ ಎಂಬುದು ವಿದ್ವಾಂಸರ ಮಾತು. 1954ರಲ್ಲಿ ಪಿ. ವಿ. ಗ್ಲೋಬ್ ಅವರ ನೇತೃತ್ವದ ಡೆನ್ಮಾರ್ಕಿನ ತಂಡ ಬಾರ್ಬಾರ್ ಹಳ್ಳಿಯ ದಿಬ್ಬವನ್ನು ಅಗೆದಾಗ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ದೇಗುಲ ಹೊರಬಂತು. ಅದರ ಮುಖ್ಯ ಭಾಗಗಳಲ್ಲೊಂದು ಏನು ಗೊತ್ತೇ? ಮೆಟ್ಟಿಲಿಳಿದು ಹೋಗುವ ಒಂದು ನೀರಿನ ಕೊಳ!

ಈ ನೀರನ್ನು ತೋಟಗಳಿಗೆ ಒಯ್ಯುವ ದಾರಿಗಳು ಎರಡು. ಒಂದು, ಬುಗ್ಗೆಯ ಕೊಳದಿಂದ ಹೊರಟ ತೆರೆದ ಕಾಲುವೆ. ಇನ್ನೊಂದು, ನೆಲದೊಳಗೆ ಇಳಿಜಾರಾಗಿ ತೋಡಿದ ಸುರಂಗ. ಇದನ್ನು ಕನಾತ್ ಅಥವಾ ಫಲಜ್ ಎನ್ನುತ್ತಾರೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳು. ಗಾಳಿ ಬೆಳಕಿಗೂ ಅವೇ, ಹೂಳು ತೆಗೆಯಲು ಇಳಿಯುವುದಕ್ಕೂ ಅವೇ. ಪಂಪಿಲ್ಲ, ಏತವಿಲ್ಲ. ಇಳಿಜಾರಿಗೆ ತಕ್ಕಂತೆ ನೀರು ತಾನಾಗಿ ಬರುತ್ತದೆ. ನೀರಿನ ಹಂಚಿಕೆಗೆ ಹಳ್ಳಿಗಳಲ್ಲಿ ಕಟ್ಟುಕಟ್ಟಳೆಗಳಿದ್ದವು. ಬ್ರಿಟಿಷ್ ವಿದ್ವಾಂಸ ಆರ್. ಬಿ. ಸರ್ಜೆಂಟ್ ಇವುಗಳ ಬಗ್ಗೆಯೇ ಅಧ್ಯಯನ ಮಾಡಿದ್ದರು. ತೋಟವನ್ನು ಗೇಣಿಗೆ ಪಡೆದು ಮನೆಮಂದಿಯೆಲ್ಲ ಸೇರಿ ದುಡಿಯುತ್ತಿದ್ದ ಕುಟುಂಬಗಳಿಗೆ ಗಿಡ ಎಷ್ಟೋ ನೀರಿನ ಸರದಿಯೂ ಅಷ್ಟೇ ಮುಖ್ಯ.

ಹಾಗೆ ಬಂದ ನೀರಿನಲ್ಲಿ ಬೆಳೆದ ತೋಟದ ವಿನ್ಯಾಸ ನಮ್ಮ ಅಡಿಕೆ ತೋಟವನ್ನೇ ನೆನಪಿಸುತ್ತದೆ. ನಮ್ಮಲ್ಲಿ ಮೇಲೆ ಅಡಿಕೆ, ಅದಕ್ಕೆ ಹಬ್ಬಿದ ಕರಿಮೆಣಸು, ನಡುವೆ ಬಾಳೆ, ಕೆಳಗೆ ಏಲಕ್ಕಿ. ಇಲ್ಲಿ ಮೇಲೆ ಖರ್ಜೂರದ ನೆರಳು, ಅದರಡಿಯಲ್ಲಿ ನಿಂಬೆ, ದಾಳಿಂಬೆ, ಕೆಳಗೆ ನೆಲ ಮುಚ್ಚಿದಂತೆ ಕುದುರೆ ಮಸಾಲೆ ಸೊಪ್ಪು. ಬೇಲಿ ಬದಿಯಲ್ಲಿ ಲೋಝ್ ಎಂಬ ಮರ. ಅದರ ಹಣ್ಣನ್ನು ಕಂಡವರು ಕೂಡಲೇ ಗುರುತು ಹಿಡಿಯುತ್ತಾರೆ, ಅದು ನಮ್ಮ ಕಾಡುಬಾದಾಮಿಯೇ! ಹತ್ತು ಲಕ್ಷ ಖರ್ಜೂರಗಳ ನಾಡು ಎಂದು ಬಹರೈನ್ ಹೆಸರಾದದ್ದು ಇಂಥ ತೋಟಗಳಿಂದ.

ದ್ವೀಪದ ಬುಗ್ಗೆಗಳಲ್ಲೆಲ್ಲ ಹೆಸರಾದದ್ದು ಐನ್ ಅಧಾರಿ. ಅದರ ಕಾಲುವೆಗಳು ದೂರದ ತಗ್ಗಿನ ತೋಟಗಳಿಗೆ ಹರಿಯುತ್ತಿದ್ದವು. ಎತ್ತರದಲ್ಲಿದ್ದ ಪಕ್ಕದ ಜಾಗಕ್ಕೆ ನೀರು ಏರುತ್ತಿರಲಿಲ್ಲ. ಅದರಿಂದಲೇ ಇಲ್ಲಿ ಒಂದು ಗಾದೆ ಹುಟ್ಟಿತು: ಅಧಾರಿಯ ಹಾಗೆ, ದೂರದವರಿಗೆ ನೀರು, ಹತ್ತಿರದವರಿಗೆ ಬಾಯಾರಿಕೆ. ಮನೆಯವರನ್ನು ಮರೆತು ಊರಿಗೆ ಉಪಕಾರ ಮಾಡುವವರನ್ನು ಹಂಗಿಸಲು ಈಗಲೂ ಈ ಮಾತು ಬಳಕೆಯಲ್ಲಿದೆ.

ಕೊರೆದದ್ದು ನೀರಿಗೆ, ಸಿಕ್ಕಿದ್ದು ಎಣ್ಣೆ

1920ರ ದಶಕದಲ್ಲಿ ನ್ಯೂಜಿಲೆಂಡಿನ ಮೇಜರ್ ಫ್ರಾಂಕ್ ಹೋಮ್ಸ್ ಇಲ್ಲಿಗೆ ಬಂದಾಗ ಆತನ ಕಣ್ಣಿದ್ದದ್ದು ಎಣ್ಣೆಯ ಮೇಲೆ. ಆದರೆ ಮೊದಲು ಕೊರೆದದ್ದು ನೀರಿಗೆ. ಆತ ಕೊರೆಸಿದ ಕೊಳವೆಬಾವಿಗಳಲ್ಲಿ ಸಿಹಿನೀರು ಚಿಮ್ಮಿತು. ಆಳುವವರ ವಿಶ್ವಾಸವೂ ಆತನಿಗೆ ಸಿಕ್ಕಿತು. 1925ರ ಡಿಸೆಂಬರ್‌ನಲ್ಲಿ ಎಣ್ಣೆ ಹುಡುಕುವ ಪರವಾನಗಿ ಆತನ ಕೈಸೇರಿತು. 1932ರಲ್ಲಿ ಜಬಲ್ ದುಖಾನ್ ಬುಡದಲ್ಲಿ ಎಣ್ಣೆ ಉಕ್ಕಿತು. ಕೊಲ್ಲಿಯ ಅರಬ್ ತೀರದ ಮೊದಲ ಎಣ್ಣೆಬಾವಿ ಅದು. ನಾವೆಲ್ಲ ಇಲ್ಲಿಗೆ ಬಂದ ದಾರಿಯ ಮೊದಲ ಮೈಲುಗಲ್ಲು ಎನ್ನಿ.

ಎಣ್ಣೆಯ ಕಥೆ ಎಲ್ಲರಿಗೂ ಗೊತ್ತು. ನೀರಿನ ಕೊಳವೆಬಾವಿಯ ಕಥೆ ಅಷ್ಟಾಗಿ ಗೊತ್ತಿಲ್ಲ. ತೋಟಗಾರನಿಗೆ ಅದು ವರವಾಗಿಯೇ ಬಂತು. ಸರದಿ ಕಾಯಬೇಕಿಲ್ಲ, ಸುರಂಗದ ಹೂಳು ತೆಗೆಯಬೇಕಿಲ್ಲ, ತಗ್ಗು ದಿಣ್ಣೆ ನೋಡಬೇಕಿಲ್ಲ. ಬೇಕಾದಲ್ಲಿ ಕೊರೆ, ಬೇಕಾದಷ್ಟು ಎತ್ತು. ಬಹರೈನ್‌ನ ಅಂತರ್ಜಲ ಇಲ್ಲಿನ ಮಳೆಯಿಂದ ತುಂಬುವುದು ಅತ್ಯಲ್ಪ. ಸೌದಿಯ ಪೂರ್ವಭಾಗದಿಂದ ಸುಣ್ಣಕಲ್ಲಿನ ಪದರಗಳ ಮೂಲಕ ಕಡಲಿನಡಿಯಲ್ಲೇ ನಿಧಾನವಾಗಿ ಹರಿದು ಬರುವ ನೀರು ಅದು. ಬರುವುದಕ್ಕಿಂತ ಎತ್ತುವುದು ಹೆಚ್ಚಾದಾಗ ಒತ್ತಡ ಕುಸಿಯಿತು, ಬುಗ್ಗೆಗಳು ಒಂದೊಂದಾಗಿ ನಿಂತವು, ಉಪ್ಪುನೀರು ಒಳಗೆ ನುಗ್ಗಿತು. 20ನೇ ಶತಮಾನ ಮುಗಿಯುವ ಹೊತ್ತಿಗೆ ಅಧಾರಿಯ ಸ್ವಂತ ಹರಿವೂ ನಿಂತುಹೋಗಿತ್ತು. ಇಂದು ಅದರ ಸುತ್ತ ಮಕ್ಕಳು ಆಡುವ ಮನರಂಜನಾ ಪಾರ್ಕು ಇದೆ. ಖರ್ಜೂರ ಉಪ್ಪನ್ನು ಒಂದಿಷ್ಟು ತಡೆದುಕೊಳ್ಳುತ್ತದೆ. ನಿಂಬೆ ತಡೆಯುವುದಿಲ್ಲ. ಮೂರು ಅಂತಸ್ತಿನ ತೋಟದ ಕೆಳಗಿನ ಅಂತಸ್ತುಗಳು ಮೊದಲು ಹೋದವು.

ಮುರಕಲ್ಲಿನ ಒಳಗಿನ ಒರತೆ

ಈಗ ಊರಿನ ಕಡೆ ತಿರುಗೋಣ. ಕನಾತಿನ ವಿವರ ಓದುವಾಗ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಓದುಗರು ನಮ್ಮಲ್ಲೂ ಇದೆಯಲ್ಲ ಎಂದು ಅಂದುಕೊಂಡಿದ್ದರೆ ಅದು ಸರಿಯೇ. ಕಾಸರಗೋಡಿನ ಉತ್ತರ ಭಾಗ, ಬಂಟ್ವಾಳ, ಪುತ್ತೂರು ಕಡೆಯ ಗುಡ್ಡಗಳಲ್ಲಿ ಸುರಂಗಗಳು ದೊಡ್ಡ ಸಂಖ್ಯೆಯಲ್ಲಿವೆ. ಮುರಕಲ್ಲಿನ ಗುಡ್ಡದ ಮಗ್ಗುಲಿಗೆ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲದ ಗುಹೆಯನ್ನು ಅಡ್ಡಡ್ಡ ತೋಡುತ್ತ ಹೋಗುವುದು. ಒಬ್ಬ ಪಿಕ್ಕಾಸಿನಲ್ಲಿ ಕಡಿದರೆ ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸಬೇಕು. ಒಳಗೆ ದೀಪ ಉರಿದರೆ ಉಸಿರಾಡಲು ಗಾಳಿಯಿದೆ ಎಂದರ್ಥ. ಒರತೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ತಿಂಗಳುಗಟ್ಟಲೆಯ ದುಡಿಮೆ ಮಣ್ಣುಪಾಲು. ಸಿಕ್ಕಿದ ನೀರು ಅಡಿಕೆ ದಂಬೆಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತದೆ, ಅಲ್ಲಿಂದ ತೋಟಕ್ಕೆ. ಈ ವಿದ್ಯೆ ಅರಬ್ ವ್ಯಾಪಾರಿಗಳೊಂದಿಗೆ ಕರಾವಳಿಗೆ ಬಂದಿತೆಂದು ಕೆಲವು ವಿದ್ವಾಂಸರು ವಾದಿಸಿದರೆ, ಮುರಕಲ್ಲೇ ಕಲಿಸಿದ ಸ್ಥಳೀಯ ವಿದ್ಯೆ ಇದು ಎನ್ನುವವರೂ ಇದ್ದಾರೆ.

ಅಷ್ಟು ಮಳೆ ಬರುವ ನಾಡಿಗೆ ಸುರಂಗವೇಕೆ ಬೇಕಾಯಿತು? ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಸುರಿದು ಕಡಲು ಸೇರುತ್ತದೆ. ತೋಟಕ್ಕೆ ನೀರು ಬೇಕಾಗುವುದು ವಸಂತದಲ್ಲಿ. ಗದ್ದೆಗೂ ಅಷ್ಟೇ. ಮಳೆಗಾಲಕ್ಕೆ ಏಣೆಲು, ಅದರ ನಂತರ ಸುಗ್ಗಿ, ಮೂರನೆಯದು ಕೊಳಕೆ. ಜನವರಿ, ಫೆಬ್ರವರಿಗೆ ನಾಟಿಯಾಗಿ ಬೇಸಿಗೆಯಲ್ಲಿ ಕಟಾವಾಗುವ ಈ ಕೊಳಕೆಯೇ ನಮ್ಮ ನಿಜವಾದ ವಸಂತದ ಬೆಳೆ. ಕೊಳಕೆಗೆ ನೀರು ಸಿಗುತ್ತಿದ್ದದ್ದು ಕಟ್ಟಗಳಿಂದ. ಮಳೆಗಾಲ ಕಳೆದ ಮೇಲೆ ಊರವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು, ಮುಂದಿನ ಮಳೆಗೆ ಅದನ್ನು ಬಿಡಿಸುತ್ತಿದ್ದರು. ಕಟ್ಟದ ನೀರು ಗದ್ದೆಗಷ್ಟೇ ಅಲ್ಲ, ಅಕ್ಕಪಕ್ಕದ ಬಾವಿ ಕೆರೆಗಳ ಒರತೆಗೂ ಆಧಾರ. ಫೆಬ್ರವರಿಯ ಕೆಡ್ಡಸದಲ್ಲಿ ಭೂಮಿ ಮುಟ್ಟಾಗಿದ್ದಾಳೆಂದು ಮೂರು ದಿನ ಮಣ್ಣು ಅಗೆಯದ, ಬಿಸುವಿನಂದು ಕಣಿ ಇಟ್ಟು ಬೀಜ ಹಾಕುವ ಪಂಚಾಂಗದ ಹಿಂದೆ ಇಂಥ ನೀರಿನ ಲೆಕ್ಕವಿತ್ತು.

ಹೊಸತನ್ನು ನಮ್ಮವರು ಒಲ್ಲೆನೆಂದವರಲ್ಲ

ಇಷ್ಟು ಓದಿ, ಹಿಂದಿನವರು ಹಳೆಯದಕ್ಕೇ ಅಂಟಿಕೊಂಡಿದ್ದರೆಂದು ತಿಳಿಯಬೇಕಿಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿ. 1916ರಲ್ಲಿಯೇ ಅಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. 1932ರಲ್ಲಿ, ಬಹರೈನ್‌ನಲ್ಲಿ ಎಣ್ಣೆ ಉಕ್ಕಿದ ಅದೇ ವರ್ಷ, ನೀಲೇಶ್ವರದಲ್ಲಿ ಜೆ. ಎಸ್. ಪಟೇಲ್ ಅವರು ಎತ್ತರದ ತಳಿ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿ ತೆಂಗಿನ ಮೊದಲ ಸಂಕರ ಸಸಿಗಳನ್ನು ಪಡೆದರು. ತೆಂಗಿನ ಹೊಂಬಾಳೆಗೆ ಕೈಯಿಂದ ಪರಾಗ ಹಾಕುವ ಆ ಕೆಲಸಕ್ಕೂ ಬಹರೈನ್‌ನ ತೋಟಗಾರನ ವಸಂತದ ಕೆಲಸಕ್ಕೂ ಎಂಥ ನಂಟು! 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಬಂತು, 1972ರಲ್ಲಿ ಮಂಗಳ ಎಂಬ ಅಡಿಕೆ ತಳಿ ಬಿಡುಗಡೆಯಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ಗಡಿಯ ಎರಡೂ ಬದಿಯ ಕನ್ನಡ ಕೃಷಿಕರು ಸಸಿ, ಬೀಜ, ಅನುಭವಗಳನ್ನು ಹಂಚಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

1970ರ ದಶಕದಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ಕೇರಳದಲ್ಲಿ 1970ರಿಂದ, ಕರ್ನಾಟಕದಲ್ಲಿ ದೇವರಾಜ ಅರಸು ಅವರ ಕಾಲದ 1974ರ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಬಿಸುವಿಗೆ ಧಣಿಯ ಮನೆಗೆ ಬುಳೆಕಾಣಿಕೆ ಹೊತ್ತು ಹೋಗುತ್ತಿದ್ದ ಕುಟುಂಬಗಳಿಗೆ ಸ್ವಂತ ತೋಟದ ಕನಸು ಕಾಣುವ ಹಕ್ಕು ಬಂತು. ಅದೇ ಹೊತ್ತಿಗೆ 1973ರ ಎಣ್ಣೆ ಬೆಲೆಯ ಏರಿಕೆಯಿಂದ ಕೊಲ್ಲಿಯಲ್ಲಿ ಕೆಲಸಗಳ ಬಾಗಿಲು ತೆರೆಯಿತು. ಒಬ್ಬ ಮಗ ಗುಡ್ಡ ಕಡಿದು ತೋಟ ಮಾಡಿದ, ಇನ್ನೊಬ್ಬ ಮಗ ವೀಸಾ ಹಿಡಿದು ಹೊರಟ. ನಾವು ಇಂದು ನಮ್ಮ ಮನೆಯ ತೋಟ ಎನ್ನುವುದೂ, ನಮ್ಮ ಅನಿವಾಸಿ ಬದುಕೂ ಹೀಗೆ ಒಂದೇ ಕಾಲದಲ್ಲಿ ಹುಟ್ಟಿದ ಅವಳಿಗಳು. ದಿನಾರು ಊರಿಗೆ ಹೋಗಿ ಮನೆಯಾಯಿತು, ಪಂಪಾಯಿತು, ಮುಂದೆ ಬೋರ್‌ವೆಲ್ಲೂ ಆಯಿತು.

ಬೋರ್‌ವೆಲ್ ಬಂದ ಮೇಲೆ ಬಹರೈನ್‌ನಲ್ಲಿ ಆದದ್ದೇ ಊರಿನಲ್ಲೂ ಆಯಿತು. ಗದ್ದೆಗಳು ಅಡಿಕೆ ತೋಟಗಳಾದವು, ಕೊಳಕೆ ಬಹುತೇಕ ಮರೆಯಾಯಿತು. ಕೊಳಕೆ ಇಲ್ಲದ ಮೇಲೆ ಕಟ್ಟ ಯಾರಿಗೆ ಬೇಕು? ಕಟ್ಟ ಇಲ್ಲದೆ ಒರತೆ ಇಳಿಯಿತು. ಒರತೆ ಇಳಿದ ಕಡೆ ಮತ್ತೆ ಬೋರ್‌ವೆಲ್ ಕೊರೆದರು. ಸ್ಪ್ರಿಂಕ್ಲರ್, ಹನಿ ನೀರಾವರಿ ಬಂದಾಗ ನೀರು ಉಳಿದದ್ದು ನಿಜ. ಆದರೆ ಎಷ್ಟೋ ಕಡೆ ಉಳಿದ ನೀರನ್ನು ನೆಲದಲ್ಲಿ ಬಿಡದೆ ಗುಡ್ಡದ ಇನ್ನೊಂದು ಮಗ್ಗುಲಿಗೂ ಅಡಿಕೆ ಏರಿಸಿದರು. ಸುರಂಗ ಕೊಡುವಷ್ಟೇ ಕೊಡುತ್ತದೆ, ಹೆಚ್ಚು ಕೇಳಿದರೆ ಕೊಡುವುದಿಲ್ಲ. ಆ ಮಿತಿಯೇ ತೋಟವನ್ನು ಇಷ್ಟು ಕಾಲ ಕಾಯ್ದಿತ್ತು. ಕೊರೆಯುವ ಯಂತ್ರ ತೆಗೆದುಹಾಕಿದ್ದು ಆ ಮಿತಿಯನ್ನು.

ಮಿತಿಯೊಳಗಿನ ಪ್ರಯೋಗಗಳು

ಇಷ್ಟಾದರೂ ಕಥೆ ಮುಗಿದಿಲ್ಲ ಎಂದೆವಲ್ಲ, ಅದಕ್ಕೆ ಸಾಕ್ಷಿಗಳಿವೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸಗಾರರಾಗಿದ್ದವರು. 1970ರ ದಶಕದ ಕೊನೆಗೆ ಅವರಿಗೆ ಸಿಕ್ಕಿದ್ದು ಎರಡು ಎಕರೆಯಷ್ಟು ಬೋಳು ಗುಡ್ಡ. ಹಗಲು ಕೂಲಿ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ತೋಡಿದರು. ಒಂದರ ಹಿಂದೆ ಒಂದು ಸುರಂಗ ಒಣಗಿಯೇ ಉಳಿಯಿತು. ಜನ ನಕ್ಕರು. ನಾಯ್ಕರು ಬಿಡಲಿಲ್ಲ. ಕೊನೆಗೆ ನೀರು ಬಂತು, ಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ, ಕರಿಮೆಣಸು ಎದ್ದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಸುರಂಗ ಎಂಬ ಪದ ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರದು ಇನ್ನೊಂದು ಬಗೆ. ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ಅಷ್ಟು ತಳಿಗಳಿಗೆ ಬೇರೆ ಬೇರೆ ಗದ್ದೆ ಎಲ್ಲಿಂದ ತರುವುದು? ಅವರು ಕಂಡುಕೊಂಡ ಉಪಾಯ ಸರಳ: ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಒಂದೊಂದು ತಳಿಯನ್ನು ಬೇರೆಯಾಗಿ ಬೆಳೆಸುವುದು. ಜಾಗವೂ ಕಡಿಮೆ, ನೀರೂ ಕಡಿಮೆ, ತಳಿ ಬೆರಕೆಯಾಗುವ ಭಯವೂ ಕಡಿಮೆ. ರಾಜಕಯಮೆ ಎಂಬ ಭತ್ತ ಅವರ ಮೂಲಕ ಊರೂರಿಗೆ ಹೋಯಿತು. ಅವರಿಗೆ 2024ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನರ್ಸರಿಯ ಚೀಲದಲ್ಲಿ ಅಜ್ಜನ ಕಾಲದ ಭತ್ತ! ಹೊಸ ವಿಧಾನ ಮತ್ತು ಹಳೆಯ ಬೀಜ ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಬೇಕೇ?

ಮೂರನೆಯದು ಏತಡ್ಕದ ಕಟ್ಟಗಳು. ಕಾಸರಗೋಡಿನ ಈ ಊರಿನ ಕೃಷಿಕರು ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವ ಪದ್ಧತಿಯನ್ನು ಉಳಿಸಿಕೊಂಡು ಬಂದವರು. ಹಳೆಯ ಕಲ್ಲು ಮಣ್ಣಿನ ಕೆಲಸಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಸೇರಿಸಿಕೊಂಡದ್ದರಿಂದ ಈಚಿನ ವರ್ಷಗಳಲ್ಲಿ ಕಟ್ಟದ ಕೆಲಸ ಹಲವೆಡೆ ಹಗುರಾಗಿದೆ. ಇಂಥ ಸಂಗತಿಗಳು ಹೊರಗೆ ತಿಳಿದದ್ದು 1988ರಲ್ಲಿ ಪುತ್ತೂರಿನಿಂದ ಆರಂಭವಾದ ಅಡಿಕೆ ಪತ್ರಿಕೆಯಿಂದ, ಅದರ ಶ್ರೀ ಪಡ್ರೆಯವರ ಬರಹಗಳಿಂದ. ಕೃಷಿಕನೇ ಲೇಖನಿ ಹಿಡಿಯಬೇಕು ಎಂಬುದು ಆ ಪತ್ರಿಕೆಯ ನಿಲುವು. ಸಾಹಿತ್ಯದ ಬಳಗವಾಗಿ ನಾವು ಇದನ್ನು ಗಮನಿಸಬೇಕು. ತೋಟದ ಪ್ರಯೋಗ ಕನ್ನಡದಲ್ಲಿ ಬರೆಯಲ್ಪಟ್ಟದ್ದರಿಂದಲೇ ಒಂದು ಮನೆಯ ಅನುಭವ ಇನ್ನೊಂದು ಮನೆಗೆ ದಾಟಿತು.

ಬಹರೈನ್‌ನವರೂ ಕೈಕಟ್ಟಿ ಕೂತಿಲ್ಲ. ತೂಬ್ಲಿಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು 1980ರ ದಶಕದಿಂದ ಮೇವಿನ ಹೊಲಗಳಿಗೆ, ರಸ್ತೆ ಬದಿಯ ಖರ್ಜೂರಗಳಿಗೆ ಹೋಗುತ್ತಿದೆ. ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಸೊಪ್ಪು, ಟೊಮೆಟೊ ಬೆಳೆಯುವ ಹೈಡ್ರೋಪೋನಿಕ್ಸ್ ಮನೆಗಳು ಎದ್ದಿವೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ನಮ್ಮ ಉಪಖಂಡದವರೇ. ಗಿಡ ಕುಡಿಯುವ ನೀರು ಈ ವಿಧಾನದಲ್ಲಿ ಬಹಳ ಉಳಿಯುತ್ತದೆ. ಆದರೆ ಬೇಸಿಗೆಯಲ್ಲಿ ಹಸಿರುಮನೆಯನ್ನು ತಂಪಾಗಿಡುವ ಒದ್ದೆ ಪ್ಯಾಡುಗಳೂ ನೀರು ಕುಡಿಯುತ್ತವೆ, ಫ್ಯಾನುಗಳು ವಿದ್ಯುತ್ತು ತಿನ್ನುತ್ತವೆ. ಹಿಂದೆ ಇಳಿಜಾರು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಯಂತ್ರ, ಹಣ, ವಿದ್ಯುತ್ತು ಬೇಕು. ಬುಗ್ಗೆ ಕಳೆದುಕೊಂಡ ನಾಡು ತೆರುವ ಬೆಲೆ ಅದು.

ಊರಿನಲ್ಲಿ ಮಳೆ ಇನ್ನೂ ಬರುತ್ತಿದೆ. ಸುರಂಗಗಳು ಇನ್ನೂ ಹನಿಯುತ್ತಿವೆ. ಕಟ್ಟ ಹಾಕಬಲ್ಲ ಕೈಗಳು ಇನ್ನೂ ಇವೆ. ಈ ವಸಂತದಲ್ಲಿ ಅಣ್ಣನೋ ತಮ್ಮನೋ ಫೋನಿನಲ್ಲಿ ಹೊಸ ನಾಟಿಯ, ಹೊಸ ವಿಧಾನದ ಮಾತೆತ್ತಿದರೆ ಖರ್ಚು ಎಷ್ಟು ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ನಾವು ಕೇಳಬಹುದು. ಬಿಸುವಿನ ಹೊತ್ತಿಗೆ ಸುರಂಗದಲ್ಲಿ, ಕೆರೆಯಲ್ಲಿ ಎಷ್ಟು ನೀರಿರುತ್ತದೆ? ಈ ಹೊಸ ವಿಧಾನ ಅಷ್ಟರೊಳಗೆ ನಡೆಯುತ್ತದೆಯೇ? ನಡೆಯುವುದಾದರೆ ಹಣ ಕಳಿಸೋಣ. ಇಲ್ಲವಾದರೆ ಅದೇ ಹಣದಲ್ಲಿ ಹಳೆಯ ಸುರಂಗದ ಹೂಳು ತೆಗೆಸೋಣ, ನೆರೆಹೊರೆಯವರೊಂದಿಗೆ ಸೇರಿ ಒಂದು ಕಟ್ಟ ಹಾಕಿಸೋಣ.

ದೂರದವರಿಗೆ ನೀರುಣಿಸಿದ ಅಧಾರಿಯನ್ನು ಇಲ್ಲಿನವರು ಹಂಗಿಸಿದರು. ಆದರೆ ದೂರದ ತೋಟಕ್ಕೆ ನೀರುಣಿಸುವ ಭಾಗ್ಯ ಅನಿವಾಸಿಗಳಾದ ನಮ್ಮದೂ ಹೌದು. ಅದು ಒರತೆಯನ್ನು ಬತ್ತಿಸುವ ಬದಲು ತುಂಬುವ ಕಡೆ ಹರಿಯಲಿ.

ಎಲ್ಲರಿಗೂ ಯುಗಾದಿ ಮತ್ತು ಬಿಸು ಹಬ್ಬದ ಶುಭಾಶಯಗಳು.